ಗೋಕರ್ಣಕ್ಕೆ ಹೊರಡುವ ಮುಂಚೆ ವ್ಯಾನಿನ ಬ್ಯಾಟರಿ ಸರಿಮಾಡಿದ್ದು

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ದಾಟಿ ಗೋಕರ್ಣಕ್ಕೆ ಹೋಗುವ ಯೋಚನೆ. ಆದರೆ ಕ್ಯಾಂಪರ್ ವ್ಯಾನಿನ ಫ್ರಿಜ್ ನಡುರಾತ್ರಿಯೇ ಬಂದ್ ಆಗುತ್ತಿತ್ತು.

ಒಳಗೆ ಎರಡು 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ, ಪ್ಯಾರಲಲ್ ಜೋಡಣೆ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಹಾಗೇ ಅಳೆದರೆ ಎರಡೂ ಒಂದೇ ವೋಲ್ಟ್ ತೋರಿಸುತ್ತವೆ, ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಪೂರ್ತಿ ಚಾರ್ಜ್ ಮಾಡಿ, ಮೊದಲು ನೆಗೆಟಿವ್ ವೈರ್ ಬಿಚ್ಚಿ, ಎರಡನ್ನೂ ಬೇರೆ ಮಾಡಿ ರಾತ್ರಿಯೆಲ್ಲ ಸುಮ್ನೆ ಬಿಟ್ಟೆ. ಬೆಳಿಗ್ಗೆ ಮಲ್ಟಿಮೀಟರ್‌ನಲ್ಲಿ ಒಂದು 12.6, ಇನ್ನೊಂದು 10.5! ಇಂಥ ಬ್ಯಾಟರಿಯೊಳಗೆ ಆರು ಸೆಲ್, ಒಂದು ಸೆಲ್‌ಗೆ ಸುಮಾರು 2.1 ವೋಲ್ಟ್ ಅಲ್ವಾ? ಅಂದರೆ ಒಂದು ಸೆಲ್ ಸತ್ತಿತ್ತು. ಆ ಕೆಟ್ಟ ಬ್ಯಾಟರಿಯೇ ಒಳ್ಳೆಯದರ ಚಾರ್ಜನ್ನೂ ಎಳೆದುಕೊಳ್ಳುತ್ತಿತ್ತು.

ಹಳೆಯದಕ್ಕೆ ಹೊಸದನ್ನು ಜೋಡಿಸಿದರೆ ಹೊಸದೂ ಬೇಗ ಸೊರಗುತ್ತದೆ. ಖರ್ಚು ಜಾಸ್ತಿಯಾದರೂ ಒಂದೇ ಕಂಪನಿಯ, ಒಂದೇ ಸೈಜಿನ ಜೋಡಿ ಹಾಕಿಸಿದೆ. ಚೆನ್ನಾಗಿದ್ದ ಹಳೆಯದು ಈಗ ಮನೆಯ ದೀಪಗಳಿಗೆ.