ಎದೆಹಾಲು ಸರಿಯಾಗಿ ಇಳಿಯಬೇಕಾದರೆ ಏನು ಮಾಡಬೇಕು

ಎದೆ ಹಾಲಿಗೆ ಸಜ್ಜಾಗುವುದು ಬಸಿರಿನಲ್ಲೇ. ಆದರೆ ಮಾಸಿನಿಂದ ಬರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹಾಲನ್ನು ತಡೆಹಿಡಿದಿರುತ್ತದೆ. ಮಾಸು ಬಿದ್ದ ಮೇಲೆ ಆ ತಡೆ ಕಳಚಿ, ಸಾಮಾನ್ಯವಾಗಿ 2ರಿಂದ 4 ದಿನದೊಳಗೆ ಎದೆ ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಬರುವುದು ಹಳದಿ ಬಣ್ಣದ ಮಂದ ಗಿಣ್ಣುಹಾಲು. ಒಂದು ಸಲಕ್ಕೆ ಒಂದು ಚಮಚದಷ್ಟೇ ಇದ್ದರೂ ಮೊದಲ ದಿನದ ಕೂಸಿಗೆ ಸಾಕು. ‘ಹಾಲೇ ಇಲ್ಲ’ ಎಂದುಕೊಂಡು, ವೈದ್ಯರು ಹೇಳದೆಯೇ ಬಾಟಲಿ ಹಿಡಿದರೆ ಮಗು ಚೀಪುವುದು ಕಡಿಮೆಯಾಗಿ, ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ.

ಮಗು ಚೀಪಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ. ಆಕ್ಸಿಟೋಸಿನ್ ಆ ಹಾಲನ್ನು ಹಿಂಡಿ ತೊಟ್ಟಿನತ್ತ ತಳ್ಳುತ್ತದೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಹಿಂಡುವುದೂ ಇದೇ ಆಕ್ಸಿಟೋಸಿನ್. ಮೊದಲ ದಿನಗಳಲ್ಲಿ ಹಾಲು ಕುಡಿಸುವಾಗ ಕಿಬ್ಬೊಟ್ಟೆ ನೋಯುವುದು ಅದರಿಂದಲೇ: ಗರ್ಭಕೋಶ ಕುಗ್ಗುತ್ತಿದೆ, ಹೆದರಬೇಡಿ.

ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿಕೊಂಡು ಚೀಪಿಸಿ. ಆಮೇಲೆ ದಿನಕ್ಕೆ 8ರಿಂದ 12 ಸಲ. ರಾತ್ರಿಯ ಸರದಿ ತಪ್ಪಿಸಬೇಡಿ, ಪ್ರೊಲ್ಯಾಕ್ಟಿನ್ ರಾತ್ರಿಯಲ್ಲೇ ಹೆಚ್ಚು.

ಎಲ್ಲಕ್ಕಿಂತ ಮುಖ್ಯ, ಮಗು ಬಾಯಿ ಹಾಕುವ ರೀತಿ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ತುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಬರೀ ತೊಟ್ಟನ್ನು ಚೀಪಿದರೆ ತೊಟ್ಟು ಬಿರಿಯುತ್ತದೆ, ಹಾಲು ಖಾಲಿಯಾಗುವುದಿಲ್ಲ. ಎದೆಯಲ್ಲೇ ಉಳಿದ ಹಾಲು ಹೊಸ ಹಾಲಿನ ತಯಾರಿಯನ್ನು ನಿಧಾನಿಸುತ್ತದೆ. ನೋವಾದರೆ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಮಗುವಿಗೆ ಚೀಪಲು ಆಗದಿದ್ದರೆ ಕೈಯಿಂದ ಹಿಂಡಿ. ತೊಟ್ಟಿನಿಂದ 2-3 ಸೆಂಟಿಮೀಟರ್ ಹಿಂದೆ ಒಂದು ಬದಿಗೆ ಹೆಬ್ಬೆರಳು, ಎದುರು ಬದಿಗೆ ಉಳಿದ ಬೆರಳು ಇಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಅದುಮಿ ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ನೋವು, ಆತಂಕ ಇದ್ದಾಗ ಆಕ್ಸಿಟೋಸಿನ್ ತಡೆದು ನಿಲ್ಲುತ್ತದೆ, ಹಾಲಿದ್ದರೂ ಇಳಿಯುವುದಿಲ್ಲ. ಆಗ ಎದೆಗೆ ಬೆಚ್ಚನೆ ಬಟ್ಟೆ ಇಟ್ಟು, ಬೆನ್ನು ತಿಕ್ಕಿಸಿಕೊಂಡು, ಮಗುವನ್ನು ಮೈಗೆ ಒತ್ತಿಕೊಂಡು ಮತ್ತೆ ಪ್ರಯತ್ನಿಸಿ.

ನಾಲ್ಕು ದಿನ ಕಳೆದರೂ ಎದೆ ತುಂಬದಿದ್ದರೆ ವೈದ್ಯರನ್ನು ಕಾಣಿ. ಮಾಸಿನ ತುಣುಕು ಒಳಗೇ ಉಳಿದಿದ್ದರೆ ತಡೆ ಪೂರ್ತಿ ಕಳಚುವುದಿಲ್ಲ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿದ್ದರೆ, ಅಪರೂಪಕ್ಕೆ, ಪಿಟ್ಯುಟರಿಗೇ ಪೆಟ್ಟಾಗಿರುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳೂ ಹಾಲು ಕಡಿಮೆ ಮಾಡಬಲ್ಲವು. ಐದನೆಯ ದಿನದ ನಂತರ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಮೂತ್ರ ಮಾಡಿದರೆ, ಹುಟ್ಟಿದ ತೂಕದಲ್ಲಿ ಶೇ 10ಕ್ಕಿಂತ ಹೆಚ್ಚು ಇಳಿದರೆ, ಹಾಲಿಗೆ ಏಳದೆ ಮಂಕಾಗಿ ಮಲಗಿಯೇ ಇದ್ದರೆ ಅದೇ ದಿನ ತೋರಿಸಿ.