ನಗದೇ ಸಿಗದ ದೇಶದಲ್ಲಿ ಓಡಾಡುವಾಗ ದುಡ್ಡಿನ ವ್ಯವಸ್ಥೆ

ಹೋಗಬೇಕಾದ ದೇಶದ ಎಟಿಎಂಗಳಲ್ಲಿ ದುಡ್ಡಿಲ್ಲ ಎಂಬ ಸುದ್ದಿ ಕಂಡ ಕೂಡಲೇ ಡಾಲರ್ ಕಟ್ಟು ಹಿಡಿದು ಹೊರಡುವವರು ಬಹಳ. ಕೆಲವು ಕಡೆ ಅದೇ ಸರಿ, ಇನ್ನು ಕೆಲವು ಕಡೆ ಅದರಿಂದ ನಷ್ಟ. ನಗದಿನ ಅಭಾವ ಅನ್ನುವುದು ಎಲ್ಲ ದೇಶದಲ್ಲೂ ಒಂದೇ ಕಾಯಿಲೆಯಲ್ಲ. ಅಲ್ಲಿ ಏನು ಸಿಗುತ್ತಿಲ್ಲ ಎಂಬುದನ್ನು ಮೊದಲು ಪತ್ತೆ ಮಾಡಿ. ಕಿಸೆಯಲ್ಲಿ ಏನಿರಬೇಕು ಎಂಬುದು ಅದರ ಮೇಲೆ ನಿಂತಿದೆ.

ಯಾವುದರ ಕೊರತೆ?

ಮೊದಲನೆಯದು, ಸ್ಥಳೀಯ ನೋಟೇ ಇಲ್ಲದಿರುವುದು. ಭಾರತದಲ್ಲಿ 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿ ನೋಟುಗಳು ರದ್ದಾದಾಗ ಹೊಸ ನೋಟಿನ ಅಳತೆಯೇ ಬೇರೆ ಇತ್ತು; ಎಟಿಎಂಗಳನ್ನು ಒಂದೊಂದಾಗಿ ಸರಿಹೊಂದಿಸುವವರೆಗೆ ಬ್ಯಾಂಕಿಗೆ ನೋಟು ಬಂದರೂ ಯಂತ್ರದಿಂದ ಹೊರಗೆ ಬರುತ್ತಿರಲಿಲ್ಲ. ನೈಜೀರಿಯಾದಲ್ಲಿ 2023ರ ಆರಂಭದಲ್ಲಿ 200, 500, 1000 ನೈರಾ ಹಳೆಯ ನೋಟುಗಳನ್ನು ಹಿಂತೆಗೆದುಕೊಳ್ಳಲು ಹೊರಟಾಗ ಹೊಸವು ಸಾಕಷ್ಟು ಬರಲಿಲ್ಲ. ನಗದು ಕೊಡುವ ಏಜೆಂಟರ ಕಮಿಷನ್ ಗಗನಕ್ಕೇರಿತು. ಇಂಥ ಕಡೆ ಊರಿನವರು ಮೊಬೈಲ್‌ನಲ್ಲಿ ಹೇಗೋ ನಿಭಾಯಿಸುತ್ತಾರೆ. ಅಲ್ಲಿ ಬ್ಯಾಂಕ್ ಖಾತೆಯಿಲ್ಲದ ಪ್ರವಾಸಿಗೆ ಆ ದಾರಿಯೂ ಇರುವುದಿಲ್ಲ.

ಎರಡನೆಯದು, ನೋಟಿದ್ದರೂ ಬ್ಯಾಂಕು ಕೊಡದಿರುವುದು. ಗ್ರೀಸ್‌ನಲ್ಲಿ 2015ರ ಜೂನ್ ಕೊನೆಗೆ ಬ್ಯಾಂಕುಗಳನ್ನು ಮುಚ್ಚಿ, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ಎಂದು ಮಿತಿ ಹಾಕಿದರು. ವಿದೇಶದಲ್ಲಿ ಕೊಟ್ಟ ಕಾರ್ಡಿಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ. ಆದರೆ ಯಂತ್ರವೇ ಖಾಲಿಯಾಗಿದ್ದರೆ ವಿನಾಯಿತಿಯಿಂದ ಏನು ಪ್ರಯೋಜನ?

ಮೂರನೆಯದು ವಿದೇಶಿ ವಿನಿಮಯದ ಬರ. ಇಲ್ಲಿ ಒಂದೇ ಡಾಲರಿಗೆ ಎರಡು ಬೆಲೆ: ಸರ್ಕಾರದ್ದೊಂದು, ಬೀದಿಯದ್ದೊಂದು. ಪ್ರವಾಸಿ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಲೆಬನಾನ್‌ನಲ್ಲಿ 2021ರ ಮಾರ್ಚ್‌ನಲ್ಲಿ ಅಧಿಕೃತ ದರ ಡಾಲರಿಗೆ ಸುಮಾರು 1,507 ಪೌಂಡ್, ಬೀದಿಯ ದರ 10,000 ದಾಟಿತ್ತು. ಒಂದೂವರೆ ಲಕ್ಷ ಪೌಂಡಿನ ಊಟದ ಬಿಲ್ಲಿಗೆ ಅಧಿಕೃತ ದರದಲ್ಲಿ ಲೆಕ್ಕವಾಗುವ ಕಾರ್ಡ್ ಉಜ್ಜಿದರೆ ಹೋಗುವುದು ಸುಮಾರು 100 ಡಾಲರ್. ನಗದು ಡಾಲರ್ ಮುರಿಸಿ ಕೊಟ್ಟಿದ್ದರೆ 15.

ನಾಲ್ಕನೆಯದು, ನಿಮ್ಮ ಕಾರ್ಡು ಅಲ್ಲಿ ಬರೀ ಪ್ಲಾಸ್ಟಿಕ್ ತುಂಡಾಗಿರುವುದು. ಇರಾನ್‌ನಲ್ಲಿ ವಿದೇಶಿ ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದಿಲ್ಲ. ರಷ್ಯಾದಲ್ಲಿ 2022ರ ಮಾರ್ಚ್‌ನಿಂದ ಹೊರದೇಶದಲ್ಲಿ ಕೊಟ್ಟ ಈ ಎರಡೂ ಕಾರ್ಡುಗಳು ನಿಂತಿವೆ. ಇಲ್ಲಿ ಎಟಿಎಂ ತುಂಬಿ ತುಳುಕುತ್ತಿದ್ದರೂ ನಿಮಗೆ ಒಂದು ನೋಟೂ ಬರದು.

ಜಿಂಬಾಬ್ವೆಯಂಥ ದೇಶದಲ್ಲಿ ಇವು ಒಂದರ ಮೇಲೊಂದು ಬಂದಿವೆ. 2009ರಿಂದ ಅಮೆರಿಕನ್ ಡಾಲರ್ ಚಲಾವಣೆ, 2016ರ ನವೆಂಬರ್‌ನಲ್ಲಿ ಡಾಲರಿಗೆ ಸಮ ಎಂದು ದೇಶದ ಕೇಂದ್ರ ಬ್ಯಾಂಕು ಹೊರಡಿಸಿದ ಬಾಂಡ್ ನೋಟು, 2019ರ ಜೂನ್‌ನಲ್ಲಿ ವಿದೇಶಿ ಹಣದ ವ್ಯವಹಾರಕ್ಕೆ ನಿಷೇಧ, 2020ರ ಮಾರ್ಚ್‌ನಲ್ಲಿ ಮತ್ತೆ ಅನುಮತಿ, 2024ರ ಏಪ್ರಿಲ್‌ನಲ್ಲಿ ಜಿಗ್ ಎಂಬ ಹೊಸ ಹಣ. ನಿಯಮ ಇಷ್ಟು ಬೇಗ ಬದಲಾಗುವ ಕಡೆ ಆರು ತಿಂಗಳ ಹಿಂದಿನ ಸಲಹೆ ಹಳಸಿದ ಅನ್ನ. ಅರ್ಜೆಂಟೀನಾದಲ್ಲಿ "ಕಾರ್ಡ್ ಮುಟ್ಟಲೇಬೇಡಿ" ಎಂಬ ಮಾತು ವರ್ಷಗಟ್ಟಲೆ ನಿಜವಾಗಿತ್ತು. 2022ರ ಕೊನೆಯಲ್ಲಿ ವಿದೇಶಿ ಕಾರ್ಡುಗಳಿಗೆ ಬೀದಿ ದರಕ್ಕೆ ಹತ್ತಿರದ ದರ ಸಿಗತೊಡಗಿದ ಮೇಲೆ ಅದೇ ಮಾತು ನಂಬಿದವರು ಸುಮ್ಮನೆ ಕಟ್ಟು ಕಟ್ಟು ಪೆಸೊ ಹೊತ್ತು ತಿರುಗಿದರು.

ಹಾಗಾಗಿ ಹೊರಡುವ ಎರಡು ವಾರ ಮೊದಲು ಉಳಿಯುವ ಹೋಟೆಲಿಗೆ ಬರೆದು ಕೇಳಿ: ಯಾವ ಹಣ ತೆಗೆದುಕೊಳ್ಳುತ್ತೀರಿ, ಕಾರ್ಡ್ ನಡೆಯುತ್ತದೆಯೇ, ಅದಕ್ಕೆ ಹೆಚ್ಚುವರಿ ಎಷ್ಟು, ಯಾವ ದರ ಹಾಕುತ್ತೀರಿ, ಚಿಲ್ಲರೆ ಕೊಡುತ್ತೀರಾ. ಕಳೆದ ಒಂದು ತಿಂಗಳಲ್ಲಿ ಹೋಗಿ ಬಂದವರ ಮಾತಿಗೆ ಮಾತ್ರ ಬೆಲೆ ಕೊಡಿ.

ಎಷ್ಟು ನಗದು, ಯಾವ ನೋಟು

ಮುಂಗಡ ಕಟ್ಟಬಹುದಾದದ್ದನ್ನೆಲ್ಲ ಹೊರಗಿನಿಂದಲೇ ಕಟ್ಟಿಬಿಡಿ. ವಸತಿ, ದೇಶದೊಳಗಿನ ವಿಮಾನ, ದೊಡ್ಡ ಟೂರು, ವಿಮಾನ ನಿಲ್ದಾಣದಿಂದ ಹೋಟೆಲಿಗೆ ಕಾರು, ಇವು ಆದರೆ ನಗದಿನ ಹೊರೆ ಅರ್ಧ ಇಳಿಯುತ್ತದೆ. ಎರಡು ದರಗಳಿರುವ ದೇಶದಲ್ಲಿ ಮಾತ್ರ ಒಮ್ಮೆ ಲೆಕ್ಕ ಹಾಕಿ. ಅಲ್ಲಿ ಹೋಗಿ ನಗದು ಕೊಟ್ಟರೆ ಅದೇ ಕೋಣೆ ಅರ್ಧ ಬೆಲೆಗೆ ಸಿಗುವುದೂ ಉಂಟು.

ಉಳಿದದ್ದಕ್ಕೆ ಲೆಕ್ಕ ಹೀಗೆ. ಹತ್ತು ದಿನ, ದಿನಕ್ಕೆ 60 ಡಾಲರ್ ಎಂದರೆ 600. ಅದರಲ್ಲಿ 250 ಮುಂಗಡ ಕಟ್ಟಿದ್ದೀರಿ, ಉಳಿದದ್ದು 350. ಅದಕ್ಕೆ ಶೇ 30 ಸೇರಿಸಿ: 455. ದೇಶ ಬಿಟ್ಟು ಹೊರಬರಲು ಬೇಕಾಗುವ 100 ಬೇರೆ. ಒಟ್ಟು 555, ಅಂದರೆ 560 ಡಾಲರ್. ಡಾಲರ್ ನೇರವಾಗಿ ನಡೆಯುವ ದೇಶವಾದರೆ ಅದನ್ನು ಹೀಗೆ ಒಡೆಯಿರಿ: 100ರ ನೋಟು 2, 20ರವು 8, 10ರವು 8, 5ರವು 16, ಒಂದು ಡಾಲರಿನವು 40. ನಲವತ್ತು ಒಂದರ ನೋಟು ಅತಿಯಾಯಿತು ಅನ್ನಿಸಬಹುದು. ಮೂರನೇ ದಿನಕ್ಕೆ ಅವೇ ಮೊದಲು ಖಾಲಿಯಾಗುತ್ತವೆ. ಡಾಲರ್ ಬಳಸುವ ಹಲವು ದೇಶಗಳಿಗೆ ಅಮೆರಿಕದ ನಾಣ್ಯವೂ ಚಿಕ್ಕ ನೋಟೂ ಸಾಕಷ್ಟು ಬರುವುದಿಲ್ಲ. 3 ಡಾಲರ್ 40 ಸೆಂಟಿನ ಸಾಮಾನಿಗೆ 5 ಕೊಟ್ಟರೆ ಬಾಕಿಯ ಬದಲು ಮಿಠಾಯಿ, ಪೆನ್ನು, ಇಲ್ಲವೇ ಅದೇ ಅಂಗಡಿಯಲ್ಲಿ ನಡೆಯುವ ಚೀಟಿ ಕೈಗೆ ಬರುತ್ತದೆ. 20 ಕೊಟ್ಟರೆ ವ್ಯಾಪಾರವೇ ಆಗದಿರಬಹುದು. ಒಟ್ಟು ಮೊತ್ತ ನೋಟಿಗೆ ಸರಿಹೊಂದುವಂತೆ ಇನ್ನೊಂದು ಬಾಟಲಿ ನೀರು ಸೇರಿಸಿಕೊಳ್ಳುವುದು ಅಲ್ಲಿನವರೇ ಕಂಡುಕೊಂಡ ದಾರಿ.

ಡಾಲರನ್ನು ಮುರಿಸಿ ಸ್ಥಳೀಯ ಹಣ ಮಾಡಿಕೊಳ್ಳುವ ದೇಶವಾದರೆ ಇದನ್ನು ತಿರುವುಮುರುವು ಮಾಡಿ. 100ರ ನೋಟಿಗೆ ಸಿಗುವ ದರ 20ಕ್ಕೆ, 10ಕ್ಕೆ ಸಿಗದಿರುವುದು ಸಾಮಾನ್ಯ. ನೋಟಿನ ವಯಸ್ಸನ್ನೂ ನೋಡುತ್ತಾರೆ. ಅರ್ಜೆಂಟೀನಾದ ವಿನಿಮಯದವರು ಬೆಂಜಮಿನ್ ಫ್ರಾಂಕ್ಲಿನ್ ಚಿತ್ರ ಚಿಕ್ಕದಾಗಿರುವ ಹಳೆಯ ನೂರರ ನೋಟನ್ನು "ಚಿಕ್ಕ ಮುಖ" ಎಂದು ಕರೆದು ಕಡಿಮೆ ದರ ಕೊಡುತ್ತಾರೆ. ಮ್ಯಾನ್ಮಾರ್‌ನಲ್ಲಿ ಮಡಿಕೆಯ ಗೆರೆ, ಪೆನ್ನಿನ ಗುರುತು, ಸ್ಟೇಪ್ಲರ್ ತೂತು, ಬ್ಯಾಂಕಿನ ಮುದ್ರೆ ಕಂಡರೆ ನೋಟನ್ನೇ ತಳ್ಳಿಬಿಡುತ್ತಾರೆ. ಆದ್ದರಿಂದ ನೋಟು ಕೊಳ್ಳುವಾಗಲೇ ಒಂದೊಂದನ್ನೂ ತಿರುಗಿಸಿ ನೋಡಿ, 2013ರ ಅಕ್ಟೋಬರ್‌ನಿಂದ ಬಂದಿರುವ ನೀಲಿ ಪಟ್ಟಿಯ ನೂರರ ನೋಟನ್ನೇ ಕೇಳಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಟ್ಟಿ ರಟ್ಟಿನ ಪುಸ್ತಕದೊಳಗೆ ಚಪ್ಪಟೆಯಾಗಿ ಇಡಿ. ಸೊಂಟದ ಪಟ್ಟಿಯಲ್ಲಿ ಬೆವರಿಗೆ ತೊಯ್ದು ಸುರುಳಿಯಾದ ನೋಟಿಗೆ ಗಿರಾಕಿಯಿಲ್ಲ.

ಆ ನೀಲಿ ಪಟ್ಟಿಯ ನೋಟನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ನೋಟನ್ನು ಮುಂದಕ್ಕೆ ಹಿಂದಕ್ಕೆ ವಾಲಿಸಿದರೆ ಪಟ್ಟಿಯೊಳಗಿನ ಗಂಟೆಗಳೂ 100 ಎಂಬ ಅಂಕಿಗಳೂ ಅಕ್ಕಪಕ್ಕಕ್ಕೆ ಸರಿಯುತ್ತವೆ. ಪಟ್ಟಿ ಅಂಟಿಸಿದ್ದಲ್ಲ, ಕಾಗದದೊಳಗೆ ನೇಯ್ದದ್ದು. ಬಲ ಕೆಳಮೂಲೆಯ 100 ತಾಮ್ರದ ಬಣ್ಣದಿಂದ ಹಸಿರಿಗೆ ತಿರುಗುತ್ತದೆ. ಫ್ರಾಂಕ್ಲಿನ್‌ನ ಭುಜದ ಮೇಲೆ ಬೆರಳಾಡಿಸಿದರೆ ತರಿತರಿಯಾಗಿರುತ್ತದೆ. ಬೆಳಕಿಗೆ ಹಿಡಿದಾಗ ಕಾಣುವ ನೀರುಗುರುತಿನ ಮುಖ ಲಿಂಕನ್‌ನದಾದರೆ ಅದು 5 ಡಾಲರ್ ನೋಟಿನ ಬಣ್ಣ ತೊಳೆದು ಮೇಲೆ 100 ಅಚ್ಚು ಹಾಕಿದ ಖೋಟಾ. ಕಾಗದ ಅಸಲಿಯೇ ಆದ್ದರಿಂದ ಮುಟ್ಟಿ ನೋಡಿದರಷ್ಟೇ ಸಿಕ್ಕಿಬೀಳುವುದಿಲ್ಲ.

ದೊಡ್ಡ ಮೊತ್ತ ಒಯ್ಯುವವರು ಘೋಷಣೆಯ ಮಿತಿ, ಅಂದರೆ ಎಷ್ಟು ನಗದಿದ್ದರೆ ಗಡಿಯಲ್ಲಿ ಕಸ್ಟಮ್ಸ್‌ನವರಿಗೆ ಬರೆದು ತಿಳಿಸಬೇಕು ಎಂಬುದನ್ನು ನೋಡಿಕೊಳ್ಳಿ. ಯುರೋಪಿಯನ್ ಒಕ್ಕೂಟದಲ್ಲಿ ಅದು 10,000 ಯೂರೋ. ವಿನಿಮಯದ ಬರ ಇರುವ ದೇಶಗಳಲ್ಲಿ ಇದಕ್ಕಿಂತ ತೀರ ಕಡಿಮೆ ಇರಬಹುದು. ಒಳಗೆ ಬರುವಾಗ ಬರೆಸಿದ ಕಾಗದ ಜೋಪಾನ: ಹೊರಡುವಾಗ ಕೈಯಲ್ಲಿರುವ ಡಾಲರ್ ನಿಮ್ಮದೇ ಎನ್ನಲು ಅದೊಂದೇ ಸಾಕ್ಷಿ.

ಎಟಿಎಂ, ಕಾರ್ಡ್

ಎರಡು ಬೇರೆ ಬ್ಯಾಂಕಿನ, ಎರಡು ಬೇರೆ ಜಾಲದ (ಒಂದು ವೀಸಾ, ಇನ್ನೊಂದು ಮಾಸ್ಟರ್‌ಕಾರ್ಡ್ ಎಂಬಂತೆ) ಕಾರ್ಡ್ ಇರಲಿ, ಒಂದೇ ಪರ್ಸಿನಲ್ಲಿ ಬೇಡ. ಒಟಿಪಿ ಬರುವ ಸಿಮ್‌ನಲ್ಲಿ ರೋಮಿಂಗ್ ಚಾಲೂ ಮಾಡಿಸಿಕೊಳ್ಳದೆ ಹೊರಟರೆ ಆನ್‌ಲೈನ್ ಪಾವತಿಯ ಬಾಗಿಲು ಮುಚ್ಚಿದಂತೆ.

ಯಂತ್ರಕ್ಕೆ ಹೋಗುವುದಾದರೆ ಬ್ಯಾಂಕ್ ಶಾಖೆಗೆ ಅಂಟಿಕೊಂಡಿರುವುದಕ್ಕೆ, ಶಾಖೆ ತೆರೆದಿರುವ ಹೊತ್ತಿನಲ್ಲಿ ಹೋಗಿ. ದುಡ್ಡು ಅಲ್ಲಿಗೆ ಮೊದಲು ಬರುತ್ತದೆ. ಕಾರ್ಡ್ ಸಿಕ್ಕಿಕೊಂಡರೆ ಒಳಗೆ ಕೇಳಲು ಜನರಿದ್ದಾರೆ. ಸಂಬಳದ ದಿನಗಳಲ್ಲಿ, ರಜೆಯ ಹಿಂದಿನ ದಿನ ಆ ಕಡೆ ಸುಳಿಯಬೇಡಿ.

ಮಿತಿ ಕಡಿಮೆಯಿದ್ದಷ್ಟೂ ಶುಲ್ಕ ಕಚ್ಚುತ್ತದೆ. ಒಂದು ಸಲಕ್ಕೆ 40 ಡಾಲರಿನಷ್ಟೇ ಬರುತ್ತದೆ, ಅಲ್ಲಿನ ಬ್ಯಾಂಕು 3, ನಿಮ್ಮ ಬ್ಯಾಂಕು 5 ಕಿತ್ತುಕೊಳ್ಳುತ್ತದೆ ಅಂದುಕೊಳ್ಳಿ. ಅಲ್ಲಿಗೆ ಶೇ 20 ಹೋಯಿತು. ಇಂಥ ಕಡೆ ಎಟಿಎಂ ಆಪತ್ತಿಗೆ ಮಾತ್ರ. ನಿಮ್ಮ ದೇಶದ ಹಣದಲ್ಲೇ ಕಡಿತ ಮಾಡಲೇ ಎಂದು ಪರದೆ ಕೇಳಿದರೆ ಬೇಡವೆನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಆ ಸೌಲಭ್ಯದಲ್ಲಿ ಅವರದೇ ದರ, ಅವರದೇ ಲಾಭ.

ಖಾತೆಯಿಂದ ಹಣ ಕಡಿತವಾಗಿ ನೋಟು ಹೊರಬರದಿರುವುದು ಖಾಲಿಯಾಗುತ್ತಿರುವ ಯಂತ್ರಗಳಲ್ಲಿ ಆಗಾಗ ಆಗುತ್ತದೆ. ಆಗ ಗಾಬರಿಯಲ್ಲಿ ಮತ್ತೆ ಒತ್ತಬೇಡಿ, ಎರಡನೇ ಸಲವೂ ಹಾಗೇ ಆಗಬಹುದು. ಯಂತ್ರದ ಮೇಲಿನ ಸಂಖ್ಯೆ, ಪರದೆಯ ಸಂದೇಶ, ಗಡಿಯಾರದ ಸಮಯ, ಬಂದಿದ್ದರೆ ಚೀಟಿ, ಎಲ್ಲದರ ಫೋಟೋ ತೆಗೆಯಿರಿ. ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೆ, ಅದೂ ಅದೇ ದಿನ. ಅಲ್ಲಿನ ಶಾಖೆಯವರು ನಿಮ್ಮ ಖಾತೆ ನೋಡಲಾರರು.

ಅಂಗಡಿಯಲ್ಲಿ ಕಾರ್ಡ್ ಯಂತ್ರ ಮೇಜಿನ ಮೇಲಿದೆ ಎಂದರೆ ಅದು ನಡೆಯುತ್ತದೆ ಎಂದಲ್ಲ. ಊಟಕ್ಕೆ ಕೂರುವ ಮೊದಲು, ಪೆಟ್ರೋಲ್ ಹಾಕಿಸುವ ಮೊದಲು ಕೇಳಿ: ನಗದಿಗೆ ಎಷ್ಟು, ಕಾರ್ಡಿಗೆ ಎಷ್ಟು, ಮೊಬೈಲ್ ಹಣಕ್ಕೆ (ಫೋನ್ ನಂಬರಿನ ಖಾತೆಗೆ ತುಂಬಿಸಿ ಅಲ್ಲಿಂದ ಕೊಡುವ ದುಡ್ಡು) ಎಷ್ಟು? ಒಂದೇ ವಸ್ತುವಿಗೆ ಮೂರು ಬೆಲೆ ಇರಬಹುದು. ಮೊಬೈಲ್ ಹಣ ಬೇಕೆಂದರೆ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ನೋಂದಾಯಿಸಬೇಕು. ಜಿಂಬಾಬ್ವೆಯ ಇಕೋಕ್ಯಾಶ್, ಕೀನ್ಯಾದ ಎಂ-ಪೆಸಾ ನಡೆಯುವುದು ಹೀಗೆ. ಅದರೊಳಗೆ ಹಾಕಿದ್ದನ್ನು ಮತ್ತೆ ನೋಟಾಗಿ ತೆಗೆಯುವುದು ನಗದಿನ ಬರದಲ್ಲಿ ಕಷ್ಟ. ಎರಡು ದಿನದ ಖರ್ಚಿನಷ್ಟು ಮಾತ್ರ ತುಂಬಿಸಿ.

ಮುರಿಸುವಾಗ

ಬೆಲೆ ಏರುತ್ತಿರುವ ದೇಶದಲ್ಲಿ ಸ್ಥಳೀಯ ನೋಟು ಕೈಯಲ್ಲಿದ್ದಂತೆಯೇ ಕರಗುತ್ತದೆ. ಎರಡು ಮೂರು ದಿನಕ್ಕೆ ಬೇಕಾದಷ್ಟೇ ಮುರಿಸಿ. ಬೀದಿಯಲ್ಲಿ ಮುರಿಸುವುದು ಹಲವು ದೇಶಗಳಲ್ಲಿ ಅಪರಾಧ. ಎಲ್ಲರೂ ಮಾಡುತ್ತಾರೆ ಎಂಬುದು ಪೊಲೀಸರ ಮುಂದೆ ಉತ್ತರವಾಗುವುದಿಲ್ಲ. ಪರವಾನಗಿ ಇರುವ ವಿನಿಮಯ ಕೇಂದ್ರದ ದರ ಬೀದಿಗಿಂತ ಸ್ವಲ್ಪ ಕಡಿಮೆಯಿದ್ದರೂ ಅದೇ ವಾಸಿ, ಅಲ್ಲಿ ರಸೀದಿ ಸಿಗುತ್ತದೆ.

ಎಲ್ಲಿಯೇ ಆಗಲಿ, ಕ್ರಮ ಒಂದೇ. ಬರಬೇಕಾದ ಮೊತ್ತವನ್ನು ಮೊದಲೇ ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿ. ಅವರ ಹಣವನ್ನು ಮೊದಲು ಕೈಗೆ ತೆಗೆದುಕೊಂಡು, ಕಟ್ಟು ಬಿಚ್ಚಿ, ಒಂದೊಂದಾಗಿ ಎಣಿಸಿ. ನಡುವೆ ಮಡಚಿಟ್ಟ ನೋಟು ಎರಡಾಗಿ ಎಣಿಕೆಯಾಗುತ್ತದೆ, ಮೇಲೆ ದೊಡ್ಡದಿಟ್ಟು ಒಳಗೆ ಚಿಕ್ಕದು ತುರುಕುತ್ತಾರೆ, ಚಲಾವಣೆ ಮುಗಿದ ಹಳೆಯ ನೋಟನ್ನೂ ಹೊಸಬರಿಗೇ ದಾಟಿಸುತ್ತಾರೆ. ನೀವು ಎಣಿಸಿ ಮುಗಿಸಿದ ಕಟ್ಟನ್ನು "ಇನ್ನೊಮ್ಮೆ ನೋಡುತ್ತೇನೆ" ಎಂದು ವಾಪಸು ಇಸಿದುಕೊಂಡರೆ, ಅದು ಮರಳಿ ಬಂದಾಗ ಮೊದಲಿನಿಂದ ಎಣಿಸಬೇಕು. ಎಣಿಕೆ ಸರಿಯಾದ ಮೇಲಷ್ಟೇ ನಿಮ್ಮ ಡಾಲರ್ ಹೊರಗೆ ಬರಲಿ.

ಕೈ ಬರಿದಾದರೆ ವೆಸ್ಟರ್ನ್ ಯೂನಿಯನ್‌ನಂಥ ಸೇವೆಯಲ್ಲಿ ಮನೆಯವರಿಂದ ತರಿಸಿಕೊಳ್ಳಬಹುದು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಬರೆಸಿ. ಡಾಲರಿನಲ್ಲಿ ಕೊಡುತ್ತಾರೋ ಸ್ಥಳೀಯ ಹಣದಲ್ಲೋ ಮೊದಲೇ ವಿಚಾರಿಸಿ. 400 ಒಟ್ಟಿಗೆ ಕಳಿಸುವ ಬದಲು 200ರ ಎರಡು ಕಂತು ಒಳ್ಳೆಯದು, ಶುಲ್ಕ ತುಸು ಹೆಚ್ಚಾದರೂ ಸರಿ: ಏಜೆಂಟರ ಗಲ್ಲಾದಲ್ಲಿ ಪೂರ್ತಿ ಮೊತ್ತ ಇಲ್ಲದ ದಿನ ಒಂದು ಕಂತಾದರೂ ಕೈಗೆ ಬರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ಹೊರಬರುವ ದುಡ್ಡು

ಮೇಲಿನ ಲೆಕ್ಕದ ಆ 100 ಡಾಲರನ್ನು ಮೊದಲ ದಿನವೇ ಬೇರೆ ಮಾಡಿ, ದಿನದ ಪರ್ಸಿನಿಂದ ದೂರ, ಬಟ್ಟೆಯ ಚೀಲದ ತಳದಲ್ಲೋ ಹೋಟೆಲಿನ ತಿಜೋರಿಯಲ್ಲೋ ಇಡಿ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ, ಟಿಕೆಟಿನಲ್ಲಿ ಸೇರಿರದ ನಿರ್ಗಮನ ತೆರಿಗೆ, ವಿಮಾನ ತಪ್ಪಿದರೆ ಒಂದು ರಾತ್ರಿ, ಗಡಿಯವರೆಗೆ ಬಸ್ಸು. ಅದನ್ನೂ ಚಿಕ್ಕ ನೋಟುಗಳಲ್ಲೇ ಇಡಿ, ಗಡಿಯ ಕೌಂಟರಿನಲ್ಲೂ ಬಾಕಿ ಕೊಡಲು ಚಿಲ್ಲರೆ ಇರುವುದಿಲ್ಲ. ಪಕ್ಕದ ದೇಶಕ್ಕೆ ದಾಟಿ ಎಟಿಎಂನಿಂದ ತೆಗೆದುಕೊಂಡರಾಯಿತು ಎಂದು ಇದನ್ನು ಮುಟ್ಟಬೇಡಿ. ಅಲ್ಲಿನ ಯಂತ್ರ ಕೊಡುವುದು ಆ ದೇಶದ ಹಣ, ಗಡಿಯ ಈಚೆಗೆ ಅದನ್ನು ಮತ್ತೆ ಮುರಿಸಬೇಕು.

ಕೊನೆಯ ಎರಡು ದಿನ ಸ್ಥಳೀಯ ನೋಟುಗಳಿಂದಲೇ ಖರ್ಚು ಮಾಡಿ. ಅವನ್ನು ಹೊರಗೆ ಒಯ್ಯಲು ಬಹಳಷ್ಟು ಕಡೆ ಅನುಮತಿಯಿಲ್ಲ, ಒಯ್ದರೂ ಕೊಳ್ಳುವವರಿಲ್ಲ. ಮರಳಿ ಡಾಲರ್ ಮಾಡಿಸುವಾಗ ವಿನಿಮಯದ ರಸೀದಿ ಕೇಳುತ್ತಾರೆ, ರಸೀದಿ ಇದ್ದರೂ "ಡಾಲರ್ ಇಲ್ಲ" ಅನ್ನಬಹುದು. ಕಾರ್ಡಿನ ಚೀಟಿಗಳನ್ನು ಮಾತ್ರ ಊರಿಗೆ ಬಂದ ಮೇಲೂ ಎಸೆಯಬೇಡಿ. ಜಾಲ ಕೆಟ್ಟಾಗ ಎರಡು ಸಲ ಉಜ್ಜಿದ ಬಿಲ್ಲು ಖಾತೆಯ ವಿವರದಲ್ಲಿ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು, ಆಗ ತೋರಿಸಲು ಆ ಚೀಟಿ ಬೇಕು.