ಫುಟ್‌ಪಾತಿನ ಗಿರಾಕಿಗಳು: ನನ್ನ ಅನುಭವ

ಮೈಸೂರಿನ ಚಿಕ್ಕಗಡಿಯಾರದ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನದು ಎರಡು ಕುರ್ಚಿಯ ಕಟಿಂಗ್ ಶಾಪ್. ಬೀದಿಯಲ್ಲಿ ಮಲಗುವವರಿಗೆ ಕಟಿಂಗ್, ಶೇವಿಂಗ್ ಮಾಡಲು ಶುರು ಮಾಡಿ ಮೂರು ವರ್ಷದ ಮೇಲಾಯಿತು. ಹೊರಗೆ ಮರದ ಕೆಳಗಲ್ಲ, ಅಂಗಡಿ ಒಳಗೇ, ಅದೇ ಕುರ್ಚಿಯಲ್ಲಿ. "ಆರು ತಿಂಗಳಲ್ಲಿ ಬಾಗಿಲು ಹಾಕ್ತೀಯ ನೋಡು" ಅಂದಿದ್ದ ಪಕ್ಕದ ಗಲ್ಲಿಯ ಗೆಳೆಯ ಹೋದ ತಿಂಗಳು ಬಂದು, "ಆ ಸಿಕ್ಕು ಬಿಡಿಸೋ ಎಣ್ಣೆ ಹೆಂಗೆ ಮಾಡ್ತೀಯ?" ಅಂತ ಕೇಳಿದ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ. ಎಣ್ಣೆಯ ಗುಟ್ಟು ಅವನಿಗೂ ಪೂರ್ತಿ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ನಂಜರಾಜ ಬಹದ್ದೂರ್ ಛತ್ರದಲ್ಲಿ ನಿರಾಶ್ರಿತರನ್ನು ಇರಿಸಿದ್ದರಲ್ಲ, ಆಗಲೇ ಈ ಹುಳ ತಲೆಗೆ ಹೊಕ್ಕಿತ್ತು. ಕೈ ಹಾಕಿದ್ದು ಮಾತ್ರ ಎಷ್ಟೋ ದಿನದ ಮೇಲೆ. ಮಂಗಳವಾರ ಹೇಗೂ ನಮಗೆ ರಜ, ಗಿರಾಕಿಗಳ ಕಾಟ ಇಲ್ಲ ಅಂತ 'ಮಂಗಳವಾರ ನಿರ್ಗತಿಕರಿಗೆ ಉಚಿತ ಕಟಿಂಗ್' ಎಂದು ಬೋರ್ಡ್ ಬರೆಸಿದೆ. ನಾನೂರು ರೂಪಾಯಿ ದಂಡ. ಮೊದಲ ವಾರ ಬಂದವರು ಇಬ್ಬರು. ಅದರಲ್ಲಿ ಒಬ್ಬ ಬೈಕಿನಲ್ಲಿ ಬಂದಿದ್ದ!

ದೇವರಾಜ ಮಾರ್ಕೆಟ್ ಕಡೆ ಜಗಲಿಯಲ್ಲಿ ಮಲಗುವ ಒಬ್ಬ ಅಜ್ಜನನ್ನು ನಾನೇ ಹೋಗಿ ಕರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಂಗಳವಾರ ಯಾರಪ್ಪ ತಲೆಗೆ ಕತ್ತರಿ ಹಾಕಿಸ್ಕತಾರೆ? ನೀನು ಕಸುಬಿನೋನು ಹೌದೋ ಅಲ್ವೋ?" ಅಂದರು. ನನ್ನ ಮನೆಯಲ್ಲಿ ಮಂಗಳವಾರ ಮಕ್ಕಳ ಉಗುರೂ ತೆಗೆಯುವುದಿಲ್ಲ. ಇವರಿಗೇನು ವಾರ ಗೀರ ಅಂದುಕೊಂಡಿದ್ದೆನಲ್ಲ, ಮುಖ ಎತ್ತಲಾಗಲಿಲ್ಲ. ಅವತ್ತೇ ಬೋರ್ಡ್ ಇಳಿಸಿದೆ.

ಆಮೇಲೆ ಭಾನುವಾರ ನೋಡಿದೆ. ಅದು ಶುದ್ಧ ಪೆದ್ದುತನ. ಹನ್ನೊಂದು ಗಂಟೆಗೆ ಒಬ್ಬರನ್ನು ಕೂರಿಸಿದೆ, ಬೆಂಚಿನ ಮೇಲಿದ್ದ ನಾಲ್ವರಿಗೂ ಒಟ್ಟಿಗೇ ಅರ್ಜೆಂಟ್ ಕೆಲಸ ಬಂತು. ಹೀಗೆ ಮೂರು ತಿಂಗಳಲ್ಲಿ ಏಳೆಂಟು ಸಾವಿರ ಕೈಬಿಟ್ಟಿತು. ಈಗ ಬೆಳಿಗ್ಗೆ ಆರರಿಂದ ಏಳೂಕಾಲು, ದಿನಕ್ಕೆ ಒಬ್ಬರು, ಜಾಸ್ತಿ ಅಂದರೆ ಇಬ್ಬರು. ಮಂಗಳವಾರ ಇಲ್ಲ. ಏಳೂವರೆಗೆ ಹೇಗೂ ನೆಲ ಒರೆಸುತ್ತೇವೆ, ಡೆಟಾಲ್ ಒಂದು ಮುಚ್ಚಳ ಜಾಸ್ತಿ. ಮೊದಲ ಗಿರಾಕಿ ಬಂದು "ಏನಪ್ಪಾ ಆಸ್ಪತ್ರೆ ಥರ ಕ್ಲೀನು" ಅನ್ನುತ್ತಾನೆ.

ದೊಡ್ಡ ಏಟು ಬಿದ್ದಿದ್ದು ಗಂಟಿನ ವಿಷಯದಲ್ಲಿ. ಒಬ್ಬರಿಗೆ ಶೇವಿಂಗ್ ಮಾಡುತ್ತಿದ್ದೆ. ಅವರ ಚೀಲ ವಾಸನೆ ಅಂತ ನಮ್ಮ ಹುಡುಗ ಅದನ್ನು ಮೆಲ್ಲಗೆ ಎತ್ತಿ ಹೊರಗಿಟ್ಟ. ಕನ್ನಡಿಯಲ್ಲಿ ಅದನ್ನು ನೋಡಿದವರೇ "ನನ್ ಗಂಟು!" ಅಂತ ಎದ್ದರು. ಬ್ಲೇಡ್ ಗಲ್ಲದ ಮೇಲಿತ್ತು. ಅರ್ಧ ಇಂಚು ಕುಯ್ದುಹೋಯಿತು. ಪಟಿಕ ಒತ್ತಿ ಹಿಡಿದುಕೊಂಡೇ ಬೀದಿಗೆ ಓಡಿದೆ. ಅವರು ಚೀಲ ಬಿಚ್ಚಿ, ಒಂದು ಸ್ಟೀಲ್ ಲೋಟ, ಒಂದು ರಗ್ಗು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು, ಎಲ್ಲ ಮುಟ್ಟಿ ಮುಟ್ಟಿ ನೋಡಿ ಮತ್ತೆ ಕಟ್ಟಿದರು. ರಕ್ತದ ಕಡೆ ಗಮನವೇ ಇಲ್ಲ. ಅವತ್ತಿನಿಂದ ಕನ್ನಡಿ ಕೆಳಗೆ, ಅವರ ಕಣ್ಣಿಗೆ ನೇರ ಕಾಣುವ ಹಾಗೆ ಒಂದು ಸ್ಟೂಲ್. ಗಂಟು ಅದರ ಮೇಲೆ. ಯಾರು ಮುಟ್ಟಿದರೂ ಅವರನ್ನು ಕೇಳಿಯೇ.

ತಲೆಯಿಂದ ಶುರು ಮಾಡಬೇಡಿ. ಮೆಷಿನ್ ಸದ್ದು ಕೇಳಿದರೆ ಕೆಲವರು ನಡುಗುತ್ತಾರೆ. ಭಿಕ್ಷುಕರನ್ನು ಹಿಡಿಯುವವರ ಹಾಗೆ ತಲೆ ಬೋಳಿಸಿ ವ್ಯಾನಿಗೆ ಹತ್ತಿಸುತ್ತಾರೆ ಅನ್ನುವ ಭಯ. ನಾನು ಮೊದಲು ಕೈ ಉಗುರು ತೆಗೆಯುತ್ತೇನೆ. ಹತ್ತು ಬೆರಳು ಮುಗಿಯುವಷ್ಟರಲ್ಲಿ ಭುಜ ಸಡಿಲವಾಗಿರುತ್ತದೆ. ಆಮೇಲೆ ಎಲ್ಲರಿಗೂ ಕೇಳುವ ಮಾತೇ: "ಹೆಂಗೆ ಬೇಕು ಯಜಮಾನ್ರೇ, ಮೀಡಿಯಮ್ಮಾ?" ಸುಮ್ನೆ ಝೀರೋ ಹೊಡೆದರೆ ನಮಗೆ ಸುಲಭ, ನಿಜ. ಆದರೆ ನಮ್ಮ ಮಂಗಳವಾರದ ಅಜ್ಜ ಕಿವಿ ಮೇಲೆ ಕೂದಲು ಬಿಡಬೇಕು ಅಂತಾರೆ, ಹಣಿಗೆಯಿಂದ ಅಳೆದು ತೋರಿಸುತ್ತಾರೆ. ನನ್ನ ರೆಗ್ಯುಲರ್‌ಗಳಲ್ಲೇ ಅವರಷ್ಟು ತಕರಾರಿನವರು ಇನ್ನೊಬ್ಬರಿಲ್ಲ.

ಹೇನಿನ ಪ್ರಯೋಗ ಬೇಕಾದಷ್ಟು ಮಾಡಿದೆ. ಬೇವಿನೆಣ್ಣೆಯಲ್ಲಿ ನಾತ ಉಳಿಯಿತು, ಹೇನೂ ಉಳಿಯಿತು. ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆಗೆ ಒಬ್ಬರಿಗೆ ನೆತ್ತಿ ಉರಿ ಹತ್ತಿತು. ಕೊನೆಗೆ ಮೆಡಿಕಲ್‌ನವರನ್ನು ಕೇಳಿ ಪರ್ಮೆಥ್ರಿನ್ ಅನ್ನುವ ಹೇನಿನ ಔಷಧಿ, ಒಂದು ಪರ್ಸೆಂಟಿನದು ತಂದೆ. ಅದು ಹೇನನ್ನು ಕೊಲ್ಲುತ್ತದೆ, ಸೀರು ಉಳಿಯಬಹುದು. ಅದಕ್ಕೇ ಒಂಬತ್ತು ಹತ್ತು ದಿನಕ್ಕೆ ಇನ್ನೊಂದು ಸಲ ಹಚ್ಚಬೇಕು. ಮನೆ ಇಲ್ಲದವರನ್ನು ಹತ್ತನೇ ದಿನ ಎಲ್ಲಿ ಹುಡುಕುವುದು? ಮೀಸೆ ಟ್ರಿಮ್ ಬಾಕಿ ಇಟ್ಟು ಕಳಿಸುತ್ತೇನೆ. ಹತ್ತರಲ್ಲಿ ಏಳು ಜನ ತಾವೇ ಬರುತ್ತಾರೆ. ಕೂರೆ, ಅಂದರೆ ಮೈಹೇನು, ಇದ್ದರೆ ತಲೆಗೆ ಏನು ಮಾಡಿದರೂ ದಂಡ, ಅದು ಇರುವುದು ಬಟ್ಟೆಯ ಹೊಲಿಗೆಯಲ್ಲಿ. ಅಂಗಿಯನ್ನು ಕುದಿಯುವ ನೀರಿಗೆ ಹಾಕಬೇಕು. ಬದಲಿಗೆ ನನ್ನ ಹಳೇ ಅಂಗಿ ಹೋಗುತ್ತದೆ. ಹೀಗಾಗಿ ನನಗೀಗ ನಾಲ್ಕೇ ಅಂಗಿ.

ಖರ್ಚು ತಲೆಗೆ ಇಪ್ಪತ್ತೈದು ಮೂವತ್ತು. ಹೊಸ ಬ್ಲೇಡು, ಡೆಟಾಲು, ಇವರಿಗೇ ಅಂತ ಇಟ್ಟ ಬಟ್ಟೆ ಒಗೆಯುವ ಸೋಪು. ಇಂದಿರಾ ಕ್ಯಾಂಟೀನ್ ತಿಂಡಿಗೆ ಐದು ರೂಪಾಯಿ. ತಿಂಗಳಿಗೆ ಸಾವಿರ ದಾಟಬಹುದು. ಲೆಕ್ಕ ಬರೆದಿಲ್ಲ. "ಕಂದಾಯದ ಜೊತೆ 3% ಭಿಕ್ಷುಕರ ಕರ ಕಟ್ಟುತ್ತೀವಲ್ಲ, ಸರ್ಕಾರ ನೋಡ್ಕೊಳ್ಳಲಿ" ಅಂತ ಗೆಳೆಯನ ವಾದ. ಆದರೆ ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಭಿಕ್ಷುಕರೇ ಅಲ್ಲ. ಆ ಅಜ್ಜ ಬೆಳಿಗ್ಗೆ ತರಕಾರಿ ಮಂಕರಿ ಹೊರುತ್ತಾರೆ. ಒಂದು ಸಲ ಹತ್ತು ರೂಪಾಯಿ ಕೊಟ್ಟರು. ತಗೊಂಡೆ. ಬೇಡ ಅಂದಿದ್ದರೆ ಮತ್ತೆ ಬರುತ್ತಿರಲಿಲ್ಲ.

ಹೆಂಗಸರ ವಿಷಯದಲ್ಲಿ ನಾನು ಸೋತೆ. ಗಂಡಸರ ಅಂಗಡಿಗೆ ಅವರು ಯಾಕೆ ಬರುತ್ತಾರೆ? ಈಗ ಎರಡು ತಿಂಗಳಿಂದ ನನ್ನ ಹೆಂಡತಿ ನೇಲ್ ಕಟರ್, ಹೇನಿನ ಹಣಿಗೆ ಹಿಡಿದು ತಾನೇ ಅವರಿರುವಲ್ಲಿಗೆ ಹೋಗುತ್ತಿದ್ದಾಳೆ. ಹೋದ ಮೊದಲ ದಿನವೇ, "ಮಂಗಳವಾರ ಶುಕ್ರವಾರ ಬಿಟ್ಟು ಯಾವತ್ತು ಬರಲಿ ಅಕ್ಕಾ?" ಅಂತ ಕೇಳಿಕೊಂಡು ಬಂದಳು. ನನಗೆ ನಾನೂರು ರೂಪಾಯಿ ಹಿಡಿದಿತ್ತು ಅದು ಗೊತ್ತಾಗಲು.